ಎರಡು ಕಿಟಕಿಗಳ ಹಿಂದೆ ಕತ್ತರಿ ಅಕ್ಕ

ಬೆಳಗಿನ ಆರೂವರೆ. ಆಸ್ಪತ್ರೆಯ ಔಷಧಿ ವಿಭಾಗ ತೆರೆಯಲು ಇನ್ನೂ ಅರ್ಧ ಗಂಟೆಯಿದೆ. ಹೊರಗಿನ ಬೆಂಚಿನ ಮೇಲೆ ಆಗಲೇ ಹನ್ನೊಂದು ಜನ. ಒಳಗೆ ಐವತ್ತಾರರ ಹೆಂಗಸೊಬ್ಬರು ಟ್ಯೂಬ್‌ಲೈಟಿನ ಕೆಳಗೆ ಮಾತ್ರೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಎದುರಿಗೆ ಎರಡು ಕಿಟಕಿ. ಎಡಗಡೆ ಕ್ಷಯದ ಮಾತ್ರೆ, ಯಾರಿಗಾದರೂ ಉಚಿತ. ಬಲಗಡೆ ಉಳಿದದ್ದೆಲ್ಲ, ದುಡ್ಡಿಗೆ. ಎರಡಕ್ಕೂ ಇವರೊಬ್ಬರೇ.

ಜನ ಕರೆಯುವುದು ಕತ್ತರಿ ಅಕ್ಕ ಎಂದು. ಹತ್ತು ಮಾತ್ರೆಯ ಪಟ್ಟಿಯಲ್ಲಿ ಮೂರು ಸಾಕು ಎಂದವರಿಗೆ ಮೂರನ್ನೇ ಕತ್ತರಿಸಿ ಕೊಡುವುದರಲ್ಲಿ ಇವರದು ಎತ್ತಿದ ಕೈ. "ಅವಧಿ ಮುಗಿಯೋ ತಾರೀಖು ಪಟ್ಟಿಯ ಒಂದು ತುದೀಲಿ ಮಾತ್ರ ಇರುತ್ತೆ. ಆ ತುದೀನ ಕೊನೇವರೆಗೂ ಮುಟ್ಟಬಾರದು" ಎನ್ನುತ್ತಾರೆ. ಕತ್ತರಿಸಿದ ತುಂಡಿನ ಕವರಿನ ಮೇಲೆ ತಾರೀಖನ್ನು ತಾವೇ ಬರೆಯುತ್ತಾರೆ.

ಗಂಡ ತೀರಿಕೊಂಡಾಗ ಇವರಿಗೆ ಇಪ್ಪತ್ತೇಳು ವರ್ಷ. ಇದೇ ಕೋಣೆಯ ಕಸ ಗುಡಿಸುವ ಕೆಲಸಕ್ಕೆ ಬಂದವರು. ಡಬ್ಬಿಗಳ ಧೂಳು ಒರೆಸುತ್ತಲೇ ಹೆಸರು ಓದಲು ಕಲಿತು, ಮೂವತ್ತಾರಕ್ಕೆ ಸಹಾಯಕಿಯ ಪರೀಕ್ಷೆ ಪಾಸು ಮಾಡಿದರು. "ಮಗಳದ್ದು ಏಳನೇ ಕ್ಲಾಸು, ನನ್ನದು ಇದು. ಇಬ್ರೂ ಒಂದೇ ದೀಪಕ್ಕೆ ಜಗಳ ಆಡ್ತಿದ್ವಿ."

ದಿನಕ್ಕೆ ಸುಮಾರು ಇನ್ನೂರೈವತ್ತು ಚೀಟಿ. ಬಲಗಡೆ ಬರುವ ಹತ್ತರಲ್ಲಿ ನಾಲ್ವರು ಪೂರ್ತಿ ಕೊಳ್ಳುವುದಿಲ್ಲ. "'ಇದರಲ್ಲಿ ಮುಖ್ಯವಾದ್ದು ಯಾವುದು?' ಅಂತ ಕೇಳ್ತಾರೆ. ಎಲ್ಲಾನೂ ಮುಖ್ಯ ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಹೊರಟೇಬಿಡ್ತಾರೆ."

ಹಿಂದಿನ ಬೀದಿಯ ಟೈಲರ್ ಹಾಗೆ ಹೊರಟವರಲ್ಲ. ವಾರಕ್ಕೆ ಏಳು ಬಿಪಿ ಮಾತ್ರೆ ಒಯ್ಯುತ್ತಿದ್ದವರು ಐದಕ್ಕಿಳಿದರು, ಆಮೇಲೆ ಮೂರಕ್ಕೆ. "ದಿನ ಬಿಟ್ಟು ದಿನ ನುಂಗ್ತೀನಿ ಅಕ್ಕಾ, ಮೈ ಹಗುರವಾಗೇ ಇದೆ" ಎಂದು ನಗುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೊಲಿಯುತ್ತಾ ಕೂತವರು ಮೆಷಿನ್ನಿನ ಮೇಲೇ ವಾಲಿದರು. ಜೀವ ಉಳಿಯಿತು, ಎಡಗೈ ಸ್ವಾಧೀನ ತಪ್ಪಿತು. ವಾರದ ನಂತರ ಅವರ ಹೆಂಡತಿ ಬಲಗಡೆಯ ಕಿಟಕಿಗೆ ಬಂದು ಒಂದೇ ಮಾತು ಕೇಳಿದರು: "ಮೂರು ಕತ್ತರಿಸಿ ಕೊಡುವಾಗ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು" ಎನ್ನುತ್ತಾರೆ ಅಕ್ಕ. "ಮಾತ್ರೆ ಕತ್ತರಿಸಬಹುದು, ಕಾಯಿಲೇನ ಕತ್ತರಿಸೋಕಾಗುತ್ತಾ?"

ಆ ತಿಂಗಳೇ ಆಸ್ಪತ್ರೆ ಸಮಿತಿಗೆ ಅರ್ಜಿ ಬರೆದರು. ಮೂರನೆಯ ಅರ್ಜಿಗೆ ಸಭೆಗೆ ಬರಲು ಕರೆ ಬಂತು. ಬಿಪಿ ಮಾತ್ರೆಯನ್ನು ಎಲ್ಲರಿಗೂ ಉಚಿತ ಮಾಡಿ ಎಂದರೆ, ಸದಸ್ಯರೊಬ್ಬರು "ಬಡವರಿಗಷ್ಟೇ ಕೊಡೋಣ, ಕಾರ್ಡ್ ತೋರಿಸಲಿ" ಎಂದರು.

"ಟೈಲರ್‌ಗೆ ಕಾರ್ಡ್ ಸಿಗಲಿಲ್ಲ ಸಾರ್" ಎಂದರು ಅಕ್ಕ, ನಿಂತಲ್ಲಿಂದಲೇ. "ಸ್ವಂತ ಅಂಗಡಿ ಇದೆ, ಬಡವರಲ್ಲ ಅಂದ್ರಂತೆ. ಎಡಗಡೆ ಕಿಟಕೀಲಿ ನಾನು ಯಾರನ್ನೂ ನೀವ್ಯಾರು ಅಂತ ಕೇಳಲ್ಲ. ಇಷ್ಟು ವರ್ಷದಲ್ಲಿ ಅಲ್ಲಿ ಒಬ್ರೂ ಕತ್ತರಿಸಿ ಕೊಡಿ ಅಂದಿಲ್ಲ."

ಹನ್ನೊಂದು ತಿಂಗಳು ಕಡತ ಮೇಜಿನಿಂದ ಮೇಜಿಗೆ ತಿರುಗಿತು. ಕಳೆದ ವರ್ಷದಿಂದ ಬಿಪಿ ಮಾತ್ರೆ ಎಡಗಡೆಗೆ ಬಂದಿದೆ, ಯಾರು ಬಂದರೂ ಸರಿ. ಈಗ ಮುನ್ನೂರ ಹನ್ನೆರಡು ಜನ ತಿಂಗಳ ಮಾತ್ರೆ ಒಟ್ಟಿಗೆ ಒಯ್ಯುತ್ತಾರೆ. ಕಾರಿನಲ್ಲಿ ಬರುವವರೂ ಇದ್ದಾರೆ ಎಂದು ಯಾರೋ ಆಕ್ಷೇಪಿಸಿದ್ದುಂಟು. "ಬರ್ಲಿ" ಎನ್ನುತ್ತಾರೆ ಅಕ್ಕ. "ಅವರೂ ಸಾಲಲ್ಲಿ ನಿಂತ್ರೆ, ಈ ಕಿಟಕಿ ಮುಚ್ಚೋ ಧೈರ್ಯ ಯಾರಿಗೂ ಬರಲ್ಲ."

ಸಕ್ಕರೆ ಕಾಯಿಲೆಯ ಮಾತ್ರೆ ಇನ್ನೂ ಬಲಗಡೆಯೇ ಇದೆ. ಅಕ್ಕನ ನಿವೃತ್ತಿಗೆ ನಾಲ್ಕು ವರ್ಷ. ಅಷ್ಟರೊಳಗೆ ಅದನ್ನೂ ಎಡಗಡೆಗೆ ತರಬೇಕು ಎಂಬ ಆಸೆ. ಹೊಸ ಅರ್ಜಿ ಕೊಟ್ಟಾಗಿದೆ.

ಟೈಲರ್ ಈಗ ಅಂಗಡಿಯಲ್ಲಿ ಕೂತು ಅಳತೆ ಹೇಳುತ್ತಾರೆ, ಹೆಂಡತಿ ಹೊಲಿಯುತ್ತಾರೆ. ಮಾತ್ರೆಗೆ ಬರುವುದೂ ಆಕೆಯೇ.

"ನನ್ನ ಹತ್ರ ಇವತ್ತಿಗೂ ಮಾತಿಲ್ಲ" ಎನ್ನುತ್ತಾರೆ ಅಕ್ಕ. "ಕಿಟಕಿ ಮುಂದೆ ನಿಂತೇ ಒಂದೊಂದಾಗಿ ಎಣಿಸ್ತಾರೆ. ಎಣಿಸ್ಲಿ. ಮೂವತ್ತಕ್ಕೆ ಮೂವತ್ತೂ ಇರುತ್ತೆ."