ದೋಣಿಯ ಮಾಳವ್ವ

ವಸುಧಾ, ನಿನ್ನ ಮಾಳವ್ವನನ್ನು ಆಟದ ಪೆಟ್ಟಿಗೆಯಲ್ಲಿಟ್ಟು ಮಾರಿದವಳು ನಾನೇ. ಕಣ್ತಪ್ಪಿನಿಂದ ಸೇರಿಹೋಯಿತು ಎಂದು ಅಂದು ಹೇಳಿದ್ದು ಸುಳ್ಳು. ಗೊತ್ತಿದ್ದೇ ಸೇರಿಸಿದೆ.

ಪ್ಲೇನ್‌ಫೀಲ್ಡಿನ ನಮ್ಮ ಬೇಸ್‌ಮೆಂಟಿನಲ್ಲಿ ಶುರುವಾದಾಗ ಆ ಆಟಕ್ಕೆ ಹೆಸರೂ ಇರಲಿಲ್ಲ. ನಾನು ಕಟ್ಟಿದ ಒಂದು ನದಿ, ಎರಡು ದಡದಲ್ಲಿ ಎರಡು ರಾಜ್ಯ. ಕಥೆ ನಡೆಸುವುದು ನಾನು; ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಿ, ದಾಳ ಉರುಳಿಸಿ, ಕಥೆಯನ್ನು ತಮಗೆ ಬೇಕಾದ ಕಡೆ ಎಳೆಯುವುದು. ಮೈಸೂರಿನ ಹಾಸ್ಟೆಲ್ ಕಾಲದಿಂದ ಜೊತೆಗಿದ್ದವಳು ನೀನು, ಡೆಟ್ರಾಯ್ಟ್ ಕಡೆಯಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ, ಅವಲಕ್ಕಿ ಡಬ್ಬಿ ಸಮೇತ. ಇದ್ದ ನಿಯಮ ಒಂದೇ, ಮಾಡಿದವಳೂ ನಾನೇ — ಪಾತ್ರವಾಗಿ ಆಡಿದ ಮಾತನ್ನು ಮೇಜು ಬಿಟ್ಟು ಎದ್ದ ಮೇಲೆ ಯಾರೂ ಎತ್ತಬಾರದು. ಅದನ್ನೂ ಈಗ ಪೆಟ್ಟಿಗೆಯೊಳಗಿನ ನಿಯಮದ ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದೇನೆ.

ಒಂದು ಚಳಿಗಾಲ "ಸಣ್ಣ ಆಪರೇಷನ್ ಕಣೇ" ಎಂದು ನೀನು ಬರುವುದನ್ನೇ ನಿಲ್ಲಿಸಿದೆ. ಮತ್ತೆ ಬಂದ ದಿನ ಆಟದಲ್ಲಿ ದೋಣಿ ನಡೆಸುವ ಮಾಳವ್ವನಾದೆ. ಹುಟ್ಟಿ ಉಳಿಯದ ಮಗು ಅವಳದು. ದೋಣಿ ಹತ್ತಿದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು — "ಆಚೆ ದಡದಲ್ಲಿ ಮಗು ಅಳೋದೇನಾದ್ರೂ ಕೇಳಿಸ್ತಾ?" ನಮಗೆಲ್ಲ ಅರ್ಥವಾಯಿತು. ನಿಯಮದಂತೆ ಯಾರೂ ಏನೂ ಕೇಳಲಿಲ್ಲ.

ಆಟವನ್ನು ಮಾರುವ ಹುಚ್ಚು ನನಗೆ ಹಿಡಿದದ್ದು ಆಮೇಲೆ. ಶಾಮ್‌ಬರ್ಗಿನ ಒಂದು ಆಟದಂಗಡಿಯಲ್ಲಿ ಅಪರಿಚಿತರನ್ನು ಕೂರಿಸಿ ಆಡಿಸಿ ನೋಡಿದೆ. ಕೊಳ್ಳುವವರಿಗೆ ಸಿದ್ಧ ಪಾತ್ರಗಳು ಬೇಕು, ಹಿನ್ನೆಲೆಯೆಲ್ಲ ಕಾರ್ಡಿನ ಮೇಲಿರಬೇಕು. ನನ್ನ ರಾಜರು, ಮಂತ್ರಿಗಳು ಎಲ್ಲರೂ ಸಪ್ಪೆ. ಒಂದು ಶನಿವಾರ ಮಾಳವ್ವನನ್ನೂ ಕಾರ್ಡಿಗಿಳಿಸಿ ಮೇಜಿನ ಮೇಲಿಟ್ಟೆ. ಆಡುತ್ತಿದ್ದ ಒಬ್ಬಾಕೆ ಕಣ್ಣೊರೆಸಿಕೊಂಡಳು. ಆಗ ನನಗೇನನ್ನಿಸಿತು ಗೊತ್ತೇ — ಖುಷಿ. ನಿನಗೊಂದು ಫೋನ್ ಮಾಡಬಹುದಿತ್ತು. ಮಾಡಿದರೆ ಬೇಡ ಅನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ.

ನಿಮ್ಮ ಕಡೆಯ ಯುಗಾದಿ ಕಾರ್ಯಕ್ರಮದಲ್ಲಿ ಮಳಿಗೆ ಹಾಕಿದ್ದೆ. ಗೆಳತಿಯ ಆಟ ಎಂಬ ಹೆಮ್ಮೆಯಲ್ಲಿ, ನನಗೆಂದು ಹೋಳಿಗೆ ತಟ್ಟೆ ಹಿಡಿದು ಬಂದೆ ನೀನು. ಹೈಸ್ಕೂಲ್ ಹುಡುಗಿಯೊಬ್ಬಳು ಕಾರ್ಡ್ ನೋಡಿಕೊಂಡು, ಸುಳ್ಳೇ ಅಳುತ್ತ, ನಿನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಳು. ಜೊತೆಯವರು ನಕ್ಕರು. ಆ ಮಕ್ಕಳದ್ದೇನು ತಪ್ಪು, ಅವರಿಗೇನು ಗೊತ್ತು... ನೀನು ಕಾರ್ಡ್ ಇಸಿದುಕೊಂಡು ಪೂರ್ತಿ ಓದಿದೆ.

"ಅದನ್ನ ಹೇಳಿದ್ದು ಮಾಳವ್ವ ಕಣೇ," ಅಂದೆ ನೀನು. "ನಾನು ಯಾರಿಗೂ ಹೇಳಿರ್ಲಿಲ್ಲ. ನಮ್ಮಮ್ಮಂಗೂ."

"ಕಣ್ತಪ್ಪಿ ಸೇರ್ಕೊಂಡ್‌ಬಿಡ್ತು" ಎಂದೆ ನಾನು. ಕಣ್ತಪ್ಪಿ — ಕಾರ್ಡಿನ ಚಿತ್ರದಲ್ಲಿ ನಿನ್ನ ಮೂಗುಬೊಟ್ಟನ್ನೂ ಬಿಡದೆ ಬರೆಸಿದ್ದವಳು.

ನೀನು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋದೆ. ಅಂದಿನಿಂದ ನಮ್ಮ ಮನೆಯ ಕಡೆ ಬಂದಿಲ್ಲ.

ಮುಂದಿನ ಮುದ್ರಣದಲ್ಲಿ ಮಾಳವ್ವ ಇರುವುದಿಲ್ಲ. ಆದರೆ ಮಾರಿಹೋದ ಪೆಟ್ಟಿಗೆಗಳಲ್ಲಿ ಇದ್ದಾಳೆ, ನಾನು ಕಾಣದ ಮನೆಗಳಲ್ಲಿ. ಅವಳನ್ನು ನಿನಗೆ ವಾಪಸ್ ತಂದುಕೊಡಲು ನನ್ನಿಂದಾಗದು.

ಇನ್ನೊಂದು ಮಾತು. ಮಗುವಿನ ಹೆಸರನ್ನು ಮಾಳವ್ವ ಒಮ್ಮೆ, ಒಂದೇ ಸಲ ಹೇಳಿದ್ದಳು. ಅದು ಕಾರ್ಡಿನಲ್ಲಿಲ್ಲ. ಅಷ್ಟನ್ನಾದರೂ ಗೆಳತಿ ಉಳಿಸಿದಳಲ್ಲ ಎಂದು ನೀನು ಅಂದುಕೊಂಡಿರಬಹುದು. ಹಾಗಲ್ಲ, ವಸುಧಾ. ನಾನು ಅದನ್ನೂ ಬರೆದಿದ್ದೆ. ಕಾರ್ಡಿನಲ್ಲಿ ಜಾಗ ಸಾಲಲಿಲ್ಲ.