ಬೋರ್ಡಿನ ಮೇಲಿನ ಹೆಸರು

ರಾಯದುರ್ಗದ ಜೀನ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋದರೆ ಅದು ಬಂದು ಸೇರುವುದು ಬನಶಂಕರಿಯ ಮನೆಗೆ. ಊರಿನವರು ಅವಳನ್ನು ಬೋರ್ಡ್ ಬನಶಂಕರಿ ಎಂದೇ ಕರೆಯುತ್ತಾರೆ. ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪ ಪೆದ್ದಣ್ಣನ ಪಕ್ಕ ಕೂತು ಚಿಕ್ಕಂದಿನಲ್ಲೇ ಬೆಸುಗೆ ಹಾಕುವುದನ್ನು ಕಲಿತವಳು. ಮದುವೆಯಾದ ಮೇಲೆ ಅದನ್ನೆಲ್ಲ ಬಿಟ್ಟು ಹನ್ನೆರಡು ವರ್ಷ ಕಾರ್ಖಾನೆಯಲ್ಲಿ ಪ್ಯಾಂಟು ಹೊಲಿದಳು. ಒಂದು ದಿನ ಅವಳ ಯಂತ್ರವೇ ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವ ಸೂಚನೆ ಕಾಣದೆ, ತಾನೇ ಬಿಚ್ಚಿ ಸರಿಮಾಡಿದಳು. ಸೂಪರ್‌ವೈಸರ್ ಕೂಗಾಡಿಕೊಂಡು ಬಂದ. “ಮೊದ್ಲು ಓಡ್ತೈತೋ ಇಲ್ಲೋ ನೋಡ್ರಿ. ಬೈಯೋದು ಆಮ್ಯಾಲೆ ಇದ್ದೇ ಐತಿ” ಎಂದಳು. ಯಂತ್ರ ಓಡಿತು. ಅಲ್ಲಿಂದ ಅವಳ ದಾರಿ ಬದಲಾಯಿತು.

ನಾಲ್ಕು ವರ್ಷದ ಹಿಂದೆ, ಮಡಕಶಿರಾದಿಂದ ಎರಡು ಬಸ್ಸು ಬದಲಿಸಿ ಒಬ್ಬ ಮುದುಕ ಅವಳ ಬಾಗಿಲಿಗೆ ಬಂದ. ನಿವೃತ್ತ ಲೆಕ್ಕದ ಮೇಷ್ಟ್ರು ಚಿಕ್ಕತಿಮ್ಮಯ್ಯ. ಹತ್ತಿರದ ಬೆಳುಗುಪ್ಪದಲ್ಲಿದ್ದ ಮಗಳ ಮನೆಗೆ ಬಂದಾಗ ಇವಳ ಹೆಸರು ಕೇಳಿದ್ದರಂತೆ. ಟವೆಲಿನಲ್ಲಿ ಸುತ್ತಿ ತಂದಿದ್ದು ಒಂದು ಕಪ್ಪು ಪೆಟ್ಟಿಗೆ. ನೋಡಿದರೆ ದಪ್ಪ ಕೀಬೋರ್ಡಿನ ಹಾಗಿತ್ತು.

“ಇದು ಬರೀ ಕೀಬೋರ್ಡಲ್ಲ ಕಣಮ್ಮ, ಇಡೀ ಕಂಪ್ಯೂಟ್ರು ಇದ್ರೊಳ್ಗೇ ಐತೆ. ಟೀವಿಗೆ ಜೋಡಿಸ್ಬೇಕು, ಪ್ರೋಗ್ರಾಂನ ಕ್ಯಾಸೆಟ್ಟಿಂದ ಓದಿಸ್ಬೇಕು. ನಲವತ್ತು ವರ್ಷದ್ ಹಿಂದೆ ನಮ್ ಸ್ಕೂಲಿಗೆ ಯಾರೋ ದಾನ ಕೊಟ್ಟಿದ್ರು. ಹರಾಜಿಗೆ ಹಾಕ್ದಾಗ ನಾನೇ ತಗೊಂಡೆ. ಮೂರು ಅಂಗಡಿಯೋರು ಗುಜರಿಗೆ ಹಾಕು ಅಂದ್ರು. ನೀನೊಂದ್ಸಲ ನೋಡು.”

ಬೇರೆಯವರು ಗುಜರಿ ಅಂದದ್ದೇ ಬನಶಂಕರಿಗೆ ಸಾಕಾಯಿತು. “ಬಿಟ್ಟು ಹೋಗ್ರಿ” ಎಂದಳು.

ಮೂರು ವಾರ ಹಿಡಿಯಿತು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ನೆಟ್ಟಿನಲ್ಲಿ ಸಿಕ್ಕ ಸರ್ಕ್ಯೂಟ್ ನಕ್ಷೆಗೆ ಯಾವ ಭಾಷೆಯೂ ಬೇಕಿರಲಿಲ್ಲ. ಎಂಟು ಮೆಮೊರಿ ಚಿಪ್‌ಗಳಲ್ಲಿ ನಾಲ್ಕು ಸತ್ತಿದ್ದವು, ವಿದ್ಯುತ್ ಕೊಡುವ ಭಾಗವೂ ಸುಟ್ಟುಹೋಗಿತ್ತು. ಹಳೆಯ ಚಿಪ್‌ಗಳನ್ನು ಹುಡುಕಿ ತರಿಸಿ ಹಾಕಿದಳು. ಟೀವಿ ಪರದೆ ಬೆಳಗಿದ ದಿನ ಮೇಷ್ಟ್ರು ಮತ್ತೆ ಬಂದು ಕೂತು, ಎರಡೇ ಬೆರಳಿನಲ್ಲಿ, ಮಗ್ಗಿ ಬರೆಸುವ ಪ್ರೋಗ್ರಾಮನ್ನು ನೆನಪಿನಿಂದಲೇ ಟೈಪ್ ಮಾಡಿದರು. ಹದಿನೇಳರ ಮಗ್ಗಿ ಮೇಲಿಂದ ಕೆಳಗೆ ಇಳಿಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆದರೆ ಅವರ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಒಂದನ್ನೂ ಯಂತ್ರ ಓದಲಿಲ್ಲ. ಆಗ ಬನಶಂಕರಿಗೆ ಹಟ ಹುಟ್ಟಿತು. ಕ್ಯಾಸೆಟ್ಟೇ ಬೇಡ, ಫೋನಿಗೆ ಹಾಕುವ ಮೆಮೊರಿ ಕಾರ್ಡಿನಿಂದಲೇ ಈ ಯಂತ್ರ ಓದಬೇಕು. ಅದಕ್ಕಾಗಿ ಹಿಂಬದಿಯ ಸೀಳಿಗೆ ಸಿಕ್ಕಿಸುವಂಥ ಅಂಗೈಯಗಲದ ಬೋರ್ಡೊಂದರ ನಕ್ಷೆಯನ್ನು ತಾನೇ ಬಿಡಿಸಿ, ಚಿಪ್‌ಗಳನ್ನು ಬೆಸೆದಳು.

ಬೋರ್ಡು ಬೆಳಿಗ್ಗೆ ಓಡುತ್ತಿತ್ತು, ಮಧ್ಯಾಹ್ನ ನಿಲ್ಲುತ್ತಿತ್ತು. ಎರಡು ತಿಂಗಳು ಇದೇ ಕಾಟ. ಗಂಡ ಚೌಡೇಶ್, ಅವನೂ ಟೈಲರ್, ನಕ್ಕು ಹೇಳಿದ: “ಬಿಸಿಲಿಗೆ ಮನುಷ್ಯಾರೇ ನಿಲ್ಲಂಗಿಲ್ಲ, ಅದು ಹೆಂಗ ನಿಂತೀತು?” ಅವನು ತಮಾಷೆಗೆ ಅಂದದ್ದು ಅವಳ ತಲೆಗೆ ಹೊಕ್ಕಿತು. ತಗಡಿನ ಛಾವಣಿ ಕಾದು ಬೋರ್ಡು ನಿಂತ ಹೊತ್ತಿಗೆ, ಐಸ್ ತುಂಬಿದ ಸ್ಟೀಲ್ ಲೋಟವನ್ನು ಒಂದೊಂದೇ ಚಿಪ್ಪಿನ ಮೇಲಿಡುತ್ತ ಬಂದಳು. ಐದನೆಯದರ ಮೇಲೆ ಇಟ್ಟೊಡನೆ ಪರದೆ ಮತ್ತೆ ಜೀವ ಪಡೆಯಿತು. ಆ ಚಿಪ್ಪನ್ನು ಬದಲಿಸಿದಳು. ಆಮೇಲೆ ಅದು ಬೇಸಿಗೆಯಿಡೀ ನಿಲ್ಲಲಿಲ್ಲ.

ಅಚ್ಚು ಹಾಕಿಸುವಾಗ ಬೋರ್ಡಿನ ನಡುವೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿದಳು: ಬನಶಂಕರಿ, ರಾಯದುರ್ಗ. ವಿಡಿಯೋ ಮಾಡಿ ನೆಟ್ಟಿಗೆ ಹಾಕಿದಳು. ಇಂಥ ಹಳೆಯ ಕಂಪ್ಯೂಟರುಗಳನ್ನು ಜೋಪಾನ ಮಾಡುವವರು ಜಗತ್ತಿನಲ್ಲಿ ಇಷ್ಟು ಮಂದಿ ಇದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಪುಣೆ, ಚೆನ್ನೈ, ಆಮೇಲೆ ಸಮುದ್ರದಾಚೆಯಿಂದಲೂ ಬೋರ್ಡು ಕೇಳಿ ಪತ್ರಗಳು ಬಂದವು.

ಅದೇ ವಿಡಿಯೋ ನೋಡಿ ಅನಂತಪುರದಿಂದ ಕಿರಣ್‌ಕುಮಾರ್ ಎಂಬ ವ್ಯಾಪಾರಿ ಕಾರಿನಲ್ಲಿ ಬಂದ. ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಸೂಪರ್ ಮೇಡಂ. ಒಂದೇ ಸಲಕ್ಕೆ ಇನ್ನೂರು ತಗೊಳ್ತೀನಿ. ಆದ್ರೆ ಈ ಹೆಸರು ತೆಗೀಬೇಕು, ನಮ್ಮ ಕಂಪನಿ ಹೆಸರು ಹಾಕ್ಬೇಕು” ಎಂದ.

“ಯಾಕ್ರಿ?”

“ಬೇಜಾರಾಗ್ಬೇಡಿ. ಟೈಲರಿಂಗ್ ಊರಿನ ಹೆಂಗಸು ಮಾಡಿದ್ದು ಅಂದ್ರೆ ಯಾರು ನಂಬ್ತಾರೆ? ನಿಮಗೆ ಡಿಗ್ರೀನೂ ಇಲ್ಲ.”

ಚೌಡೇಶ್ ಹೆಂಡತಿಗೆ ಒಪ್ಪಿಕೋ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವಳು ಆ ಕಡೆ ನೋಡಲೇ ಇಲ್ಲ.

“ಹನ್ನೆರಡು ವರ್ಷ ಪ್ಯಾಂಟಿನ ಸೊಂಟಕ್ಕ ಬ್ಯಾರೆಯವರ ಹೆಸರು ಹೊಲದೀನ್ರಿ. ಬಟ್ಟಿ ನಾವು ಹೊಲದ್ವಿ, ಲೇಬಲ್ ಅವರದು. ಅದು ಕೂಲಿ, ಮಾಡಿದ್ವಿ. ಇದು ಕೂಲಿ ಅಲ್ರಿ. ಇದನ್ನ ನಾನು ಹುಟ್ಟಿಸೀನಿ. ಹೆಸರು ತೆಗೆಯಂಗಿಲ್ಲ.”

ಕಿರಣ್‌ಕುಮಾರನ ಮುಖ ಬಿಗಿಯಿತು. “ಒಂದು ಬೋರ್ಡ್ ಬಿಚ್ಚಿ ನೋಡಿದ್ರೆ ನಾವೇ ಮಾಡ್ಕೋಬಹುದು. ಆಗ ನೀವೇನ್ ಮಾಡ್ತೀರಿ?”

“ಬಿಚ್ಚೋ ತ್ರಾಸ ಯಾಕ್ರಿ? ನಾಳೆ ನಾನೇ ಕೊಡ್ತೀನಿ, ನೋಡ್ರಿ” ಎಂದಳು.

ಕಾರು ಹೋದ ಮೇಲೆ ಚೌಡೇಶ್ ಸಿಡಿದ. “ಎರಡು ಪದ ಅಳಿಸಿದ್ರ ನಿನ್ನ ಗಂಟೇನು ಹೋಗ್ತಿತ್ತು? ವರ್ಷದ ಕೆಲಸ ಬಾಗಿಲಿಗೆ ಬಂದಿತ್ತು!” ತಪ್ಪು ಮಾಡಿದೆನೇನೋ ಎಂಬ ಅಳುಕು ಅವಳಿಗೆ ಇರಲಿಲ್ಲವೆಂದಲ್ಲ. ಆದರೂ ಮರುದಿನ ಬೆಳಿಗ್ಗೆ ಬೋರ್ಡಿನ ನಕ್ಷೆ, ಚಿಪ್‌ಗಳ ಪಟ್ಟಿ, ಜೋಡಿಸುವ ಕ್ರಮ ಎಲ್ಲವನ್ನೂ ನೆಟ್ಟಿನಲ್ಲಿ ಬಯಲಿಗಿಟ್ಟಳು. ಕೆಳಗೆ ಬರೆದಳು: ಯಾರು ಬೇಕಾದರೂ ಮಾಡಿಕೊಳ್ಳಿ, ಮಾರಿಕೊಳ್ಳಿ. ಹೆಸರು ಮಾತ್ರ ಕೆರೆಯಬೇಡಿ.

ಕಿರಣ್‌ಕುಮಾರ್ ಕೆರೆದ. ತಿಂಗಳೊಳಗೆ ತನ್ನ ಕಂಪನಿಯ ಹೆಸರಲ್ಲಿ ಅದೇ ಬೋರ್ಡನ್ನು ಮಾರಾಟಕ್ಕಿಟ್ಟ. ಇವಳಿಗೆ ಬರುತ್ತಿದ್ದ ಪತ್ರಗಳು ಅರ್ಧಕ್ಕಿಳಿದವು. “ನೋಡಿದ್ಯಾ?” ಎಂದ ಚೌಡೇಶ್. “ನೋಡೀನಿ” ಎಂದಷ್ಟೇ ಹೇಳಿ ಅವಳು ಕೆಲಸ ಮುಂದುವರಿಸಿದಳು.

ಆದರೆ ಬಯಲಿಗಿಟ್ಟ ನಕ್ಷೆಯನ್ನು ಅಷ್ಟರಲ್ಲಿ ಸಾವಿರಾರು ಮಂದಿ ನೋಡಿದ್ದರು. ಅವರಲ್ಲೊಬ್ಬ ಕಿರಣ್‌ಕುಮಾರನ ಜಾಹೀರಾತಿನ ಕೆಳಗೆ ಎರಡೂ ಬೋರ್ಡಿನ ಚಿತ್ರ ಅಕ್ಕಪಕ್ಕ ಹಾಕಿ, ನಡುವಿನ ಹೆಸರು ಎಲ್ಲಿ ಹೋಯಿತು ಎಂದು ಕೇಳಿದ. ಮತ್ತೊಬ್ಬ ಕೇಳಿದ. ವಾರದಲ್ಲಿ ಕೇಳುವವರು ನೂರಾದರು. ಕೆಲವರು ಕೊಂಡ ಬೋರ್ಡನ್ನು ವಾಪಸ್ ಕಳಿಸಿದರು.

ಒಂದು ಮಧ್ಯಾಹ್ನ ಕಿರಣ್‌ಕುಮಾರನದೇ ಫೋನು ಬಂತು. “ಹೊಸ ಅಚ್ಚು ಹಾಕಿಸಿದೀನಿ ಮೇಡಂ. ನಿಮ್ಮ ಹೆಸರು ಮೂಲೇಲಿದೆ. ಫೋಟೋ ಕಳ್ಸಿದೀನಿ, ನೋಡಿ. ಈಗ ತೃಪ್ತೀನಾ?”

ಬನಶಂಕರಿ ಫೋಟೋ ತೆರೆದು, ಬೆರಳಿನಿಂದ ಹಿಗ್ಗಿಸಿ ನೋಡಿದಳು. ಚೌಡೇಶನೂ ಬಂದು ಹೆಗಲ ಮೇಲಿಂದ ಇಣುಕಿದ.

“ಅಕ್ಷರ ಭಾಳ ಸಣ್ಣ ಆಗ್ಯಾವ್ರಿ” ಎಂದಳು. “ದಪ್ಪ ಮಾಡಿಸ್ರಿ. ಮೂಲ್ಯಾಗ ಬ್ಯಾಡ, ನಡುವ ಹಾಕಸ್ರಿ.”