ವೇಳಾಪಟ್ಟಿಯ ಬೆನ್ನಿನಲ್ಲಿ

ನಾನು ಒಂದು ಪ್ರೆಸ್ಸಿನಲ್ಲಿ ಬೈಂಡರ್. ಗಟ್ಟಿಯಾಗಲೆಂದು ಪುಸ್ತಕದ ಬೆನ್ನಿನೊಳಗೆ ರದ್ದಿ ಕಾಗದದ ಪಟ್ಟಿ ಅಂಟಿಸುವುದು ನಮ್ಮ ಕಸುಬಿನ ಪದ್ಧತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಲು ನಿಮಗೆ ಅನುಕೂಲ.

ಅಕ್ಕನ ಗಂಡ, ನಮ್ಮ ಭಾವ, ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದರು. ಹೂವು, ಚಂದ್ರ ಅವರಿಗೆ ಆಗಿಬರುತ್ತಿರಲಿಲ್ಲ; ಕೆಟ್ಟುನಿಂತ ಲಿಫ್ಟು, ಆಸ್ಪತ್ರೆಯ ಸಾಲು, ಪ್ರೆಸ್ಸಿನ ಯಜಮಾನರ ಕೆಮ್ಮು, ಇಂಥವೇ. "ಇದನ್ನೂ ಕವಿತೆ ಅಂತಾರಾ ಭಾವ?" ಎಂದು ಕೆಣಕಿದರೆ, "ಅಚ್ಚಾಗ್ಲಿ, ಆಮೇಲೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಅಕ್ಕ ಮರಾಠಿ ಓದಲು ಕಲಿತದ್ದೇ ಅವುಗಳಿಗಾಗಿ.

ಇಪ್ಪತ್ತೆರಡು ವರ್ಷ, ಎಲ್ಲವನ್ನೂ ಹಳೇ ಕರಡು ಹಾಳೆಗಳ ಹಿಂಬದಿಗೆ ಪೆನ್ಸಿಲ್‌ನಲ್ಲೇ ಬರೆದರು. ನಕಲು ಮಾಡಿಡಿ ಎಂದು ಹೇಳಿ ಹೇಳಿ ಅಕ್ಕನ ಬಾಯಿ ಸೋತಿತು. ಕೊನೆಗೂ ಒಬ್ಬ ಪ್ರಕಾಶಕ ಒಪ್ಪಿದ. ಸೋಮವಾರ ಕಟ್ಟು ಕೊಡಬೇಕು. ಶನಿವಾರ ಭಾವ ಅದನ್ನು ನನ್ನಿಂದ ಹೊಲಿಸಲೆಂದು ತಂದರು. ನಾನು ಊಟಕ್ಕೆ ಹೋಗಿದ್ದೆ. ಯಾರಾದರೂ ಓದಿಯಾರೆಂಬ ನಾಚಿಕೆಗೆ ಕವಿತೆ ಕೆಳಗೆ, ಅಚ್ಚಿನ ಮುಖ ಮೇಲೆ ಮಾಡಿ ಮೇಜಿನ ಮೇಲಿಟ್ಟು ಹೋದರು.

ನಾನು ಬಂದು ನೋಡಿದರೆ, ಕೆಂಪು ಗುರುತಿನ ಹಳೇ ಕರಡು. ರೈಲು ವೇಳಾಪಟ್ಟಿಯ ಆರುನೂರು ಪ್ರತಿ ಸಂಜೆಗೆ ಲಾರಿ ಹತ್ತಬೇಕಿತ್ತು. ತಿರುಗಿಸಿ ನೋಡುವ ಪುರುಸೊತ್ತು ಯಾರಪ್ಪನಿಗಿತ್ತು? ಉದ್ದುದ್ದ ಪಟ್ಟಿ ಕತ್ತರಿಸಿ ಬೆನ್ನುಗಳಿಗೆ ಅಂಟಿಸಿದೆ.

ಸೋಮವಾರ ಭಾವ ಕೇಳಿದರು: "ಇಲ್ಲಿಟ್ಟಿದ್ದೆ, ಹೊಲಿದ್ಯಾ?"

ಕತ್ತರಿಸಿ ಅಂಟಿಸಿದ್ದನ್ನೂ, ಲಾರಿ ಹೋದದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಮೇಲೊಂದು ಚೀಟಿ ಇಡಬೇಕಿತ್ತು ನಾನು" ಎಂದು ಹೋಗಿ ಕರಡು ತಿದ್ದಲು ಕುಳಿತರು.

ನೆನಪಿದ್ದಷ್ಟು ಬರೆಯಲಿ ಎಂದು ಅಕ್ಕ ನೋಟ್‌ಬುಕ್ ತಂದಿಟ್ಟಳು. ನಾಲ್ಕು ಸಾಲು ಬರೆದರು. "ಇದು ಅದಲ್ಲ" ಎಂದು ಹೊಡೆದುಹಾಕಿದರು. ಆಮೇಲೆ ಕೆಂಪು ಪೆನ್ನು ಬಿಟ್ಟರೆ ಬೇರೇನನ್ನೂ ಹಿಡಿಯಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡರು. ಜನ ಎದೆನೋವು ಅಂದರು. ನನಗೆ ಗೊತ್ತು ಏನೆಂದು.

ಹೊಸ ವೇಳಾಪಟ್ಟಿ ಬಂದರೆ ಹಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ? ಹುಡುಕಿ ಹುಡುಕಿ ಚಪ್ಪಲಿ ಸವೆಯಿತು. ಮೊನ್ನೆ ರದ್ದಿ ಅಂಗಡಿಯಲ್ಲಿ ಒಂದು ಸಿಕ್ಕಿತು. ಬೆನ್ನನ್ನು ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಬಿಡಿಸಿದೆ. ನಾನೇ ಹಾಕಿದ ಅಂಟು, ಸುಲಭಕ್ಕೆ ಬಿಡಲಿಲ್ಲ. ಎರಡು ಬೆರಳಗಲದ ಪಟ್ಟಿಯ ತುಂಬ ಭಾವನ ಅಕ್ಷರ. ಓಡಿಹೋಗಿ ಅಕ್ಕನಿಗೆ ಕೊಟ್ಟೆ.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಓದಕ್ಕಾ."

"ಏನಂತ ಓದ್ಲಿ? ಒಂದೊಂದು ಸಾಲಲ್ಲೂ ಎರಡೇ ಮಾತು ಇದೆ. ಮಿಕ್ಕಿದ್ದು ಎಲ್ಲಿ ಅಂತ ಕತ್ತರಿಸಿದ ನೀನೇ ಹೇಳ್ಬೇಕು."